ಮುರಿಯುವುದಕ್ಕೊಂದು ಜಾಗ

ಡಬ್ಲಿನ್ನಿನಿಂದ ಕಾಗದ ಬಂದಿದೆ:
ಇನ್ನೂ ಮೂರು ವರ್ಷ ಸರಕಾರ ದುಡ್ಡು ಕೊಡುತ್ತದಂತೆ.
ನೂಲಾ ಪ್ಯಾಡನ್ ಎರಡು ಸಲ ಓದಿ
ಕೆಟಲಿನ ಕೆಳಗಿಟ್ಟಳು,
ಗಾಳಿಗೆ ಹಾರದಿರಲಿ ಅಂತ.

ಬಾಗಿಲಾಚೆ ಅಟ್ಲಾಂಟಿಕ್.
ಮೇಯೋದ ಈ ತುದಿಯಿಂದ ಅಮೆರಿಕದವರೆಗೆ
ಅದಕ್ಕೆ ಅಡ್ಡ ನಿಲ್ಲುವವರಿಲ್ಲ.
ಅಷ್ಟು ದೂರದಿಂದ ಓಡೋಡಿ ಬಂದು
ಈ ಊರಿನ ಗೋಡೆಗೇ ಹಣೆ ಚಚ್ಚಿಕೊಳ್ಳುತ್ತದೆ.
ಆದರೂ ನವೆಂಬರಿನಲ್ಲಿ ಒಂದು ತಂತಿ ಕಡಿದರೆ
ಮೂರು ದಿನ ಮೇಣದ ಬತ್ತಿಯೇ ಗತಿ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಅವಳ ಕೆಲಸ ಇಷ್ಟೇ:
ದಡದಿಂದ ಹದಿನಾರು ಕಿಲೋಮೀಟರ್ ಆಚೆ
ನಕ್ಷೆಯಲ್ಲಿ ಗೀಟು ಹಾಕಿದ
ಒಂದು ಚೌಕ ನೀರನ್ನು ನೋಡಿಕೊಳ್ಳುವುದು.
ಬೇಲಿಯಿಲ್ಲದ ಹೊಲ. ತಳದಲ್ಲಿ ಒಂದು ಕೇಬಲ್,
ಮೇಲೆ, ಅಲೆಯ ಎತ್ತರ ಬರೆದುಕೊಳ್ಳುವ ತೇಲುಬುರುಡೆ.
ಯಾರಾದರೂ ಯಂತ್ರ ತರಬಹುದು,
ಕಟ್ಟಿಹಾಕಬಹುದು,
ಮುರಿಯುತ್ತದೋ ಇಲ್ಲವೋ ನೋಡಬಹುದು.
ಸಾಮಾನ್ಯವಾಗಿ ಮುರಿಯುತ್ತದೆ.

ಕಾರ್ಕಿನ ಹುಡುಗ ಫಿಯಾಕ್ರ ತಂದದ್ದು
ಹಳದಿ ಬಣ್ಣ ಬಳಿದ ಎಮ್ಮೆಯಂಥದ್ದು.
ಮುಳುಗಿತು, ಎದ್ದಿತು, ಮುಳುಗಿತು,
ಒಂಬತ್ತು ವಾರ ಅದೇ ಕಸುಬು.
ಕರೆಂಟೆಷ್ಟು ಬಂತು ಎಂದರೆ
ಹತ್ತು ಕೆಟಲ್ ಒಟ್ಟಿಗೆ ಕುದಿಯುವಷ್ಟು.
ಆ ವಾರಗಳಲ್ಲಿ ಅವನು
ಯಾರು ಟೀ ಮಾಡಿದರೂ ಎದ್ದು ಹೋಗಿ ನೋಡುತ್ತಿದ್ದ.

ಆಮೇಲೆ ಲೆಕ್ಕ ನೋಡುವವನೊಬ್ಬ ಬಂದ.
ತೆಳು ಬೂಟು. ಕಟ್ಟೆಯ ಮೇಲೆ ನಿಂತು
ಖರ್ಚಿನ ಪಟ್ಟಿಯನ್ನೂ ನೀರನ್ನೂ
ಒಂದರ ನಂತರ ಒಂದು ನೋಡಿ
ತನ್ನ ಭಾಷೆಯಲ್ಲಿ ಏನೋ ಅಂದ.
ನಮ್ಮಲ್ಲಾದರೆ ಅನ್ನುತ್ತಿದ್ದೆವು:
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.
ಮಾತು ಮುಗಿಯುವ ಮೊದಲೇ
ಬೂಟು ಒದ್ದೆಯಾಗಿತ್ತು.

ಅವನು ಬಿಟ್ಟುಹೋದ ನಮೂನೆಯಲ್ಲಿ
ಏಳನೆಯ ಕಾಲಂ: ಸಾಧನೆ.
ನೂಲಾ ಪೆನ್ನು ಕಚ್ಚಿ ಬರೆದಳು:
ಎಡಗಡೆಯ ಮೂರನೆಯ ಬೋಲ್ಟು
ಎಲ್ಲಿ ಸವೆಯುತ್ತದೆ ಎಂದು ತಿಳಿಯಿತು.

ಜನವರಿಯ ಆ ರಾತ್ರಿ ಪರದೆಯ ಮೇಲೆ
ಒಂಬತ್ತು ಮೀಟರ್. ಹನ್ನೊಂದು. ಹದಿನಾಲ್ಕು.
ಆಮೇಲೆ ಅಂಕಿಯಿಲ್ಲ,
ನಲವತ್ತು ನಿಮಿಷ ಬರೀ ಒಂದು ಗೀಟು.
ಫಿಯಾಕ್ರ ಮಾತಾಡಲಿಲ್ಲ.
ಅವನ ಕೈಯಲ್ಲಿದ್ದ ಬ್ರೆಡ್ಡು
ಬೆಳಗಿನವರೆಗೂ ಕೈಯಲ್ಲೇ ಇತ್ತು.

ಮೂರು ಗಂಟೆಗೆ ಕೋಲ್ಮನ್ ಲಾವೆಲ್ ಬಾಗಿಲು ತಟ್ಟಿದ.
ಏಡಿ ಹಿಡಿಯುವವನು; ಆ ಚೌಕದಲ್ಲಿ
ಅವನ ಅರವತ್ತು ಪಂಜರಗಳ ಜಾಗ ಹೋಗಿತ್ತು,
ಪರಿಹಾರದ ಚೆಕ್ಕು ಪಡೆದ ದಿನದಿಂದ
ನೂಲಾಳ ಜೊತೆ ಮಾತು ಬಿಟ್ಟಿದ್ದ.
ಒದ್ದೆ ಟೋಪಿ ತೆಗೆಯದೆ ಪರದೆ ನೋಡಿದ.

‘ನನ್ನಜ್ಜ ಹೋದ ರಾತ್ರಿ
ಅಲೆ ಎಷ್ಟೆತ್ತರ ಇತ್ತೋ ಯಾರಿಗೂ ಗೊತ್ತಿಲ್ಲ.
ಅಜ್ಜಿ ಕೈಯೆತ್ತಿ ತೋರಿಸುತ್ತಿದ್ದಳು, ಇಷ್ಟು ಅಂತ.
ಒಂದು ವರ್ಷ ಜಂತಿಯವರೆಗೆ,
ಒಂದು ವರ್ಷ ಇಗರ್ಜಿಯ ಗಂಟೆಯವರೆಗೆ.
ಕೊನೆಗೆ ಕೈ ಮೇಲೇಳುತ್ತಿರಲಿಲ್ಲ,
ಆಗ ಮೊಣಕಾಲಿನಷ್ಟು.’

ಸುಮ್ಮನಾದ. ಮತ್ತೆ,
‘ಹದಿನಾಲ್ಕು ಅಂತ ಬರೆದಿಡಿ.
ಬರೆದಿಡುವುದಕ್ಕೆ ದುಡ್ಡು ಕೊಡುವವರಿದ್ದರೆ, ಕೊಡಲಿ.’

ಎಮ್ಮೆಯ ಅರ್ಧ ಮೈ ಮಾರ್ಚಿನಲ್ಲಿ ಸಿಕ್ಕಿತು,
ಇನ್ನರ್ಧ ಇನ್ನೂ ಅಲ್ಲೇ ಎಲ್ಲೋ.
ಕಟ್ಟೆಯ ಮೇಲೆ ಬಿದ್ದ ಅದರ ಹೊಟ್ಟೆಯೊಳಗೆ
ಮಕ್ಕಳು ಮನೆ ಮಾಡಿಕೊಂಡಿದ್ದಾರೆ.
ಫಿಯಾಕ್ರ ಪಕ್ಕದಲ್ಲಿ ಕೂತು
ದಪ್ಪದೊಂದು ಬೋಲ್ಟಿನ ಚಿತ್ರ ಬರೆಯುತ್ತಾನೆ,
ಅಳಿಸುತ್ತಾನೆ.

ಕಾಗದದ ಮೇಲೆ ಕೆಟಲಿನ ದುಂಡು ಕಲೆ,
ಮಂತ್ರಿಯ ಸಹಿಯ ಅರ್ಧ ಅದರೊಳಗೆ.
ನೂಲಾ ಫೋನು ಎತ್ತಿದಳು:
‘ಕೋಲ್ಮನ್, ಸೆಪ್ಟೆಂಬರಿನವರೆಗೆ ಚೌಕ ಖಾಲಿ.
ನಿಯಮದಲ್ಲಿ ಇಲ್ಲ, ಗೊತ್ತು.
ಕೇಬಲ್ಲು ಬಡಗಣ ಮೂಲೆಯಲ್ಲಿದೆ,
ಪಂಜರ ಅದರಿಂದ ದೂರ ಇಳಿಸು.’