ಬಾಜೂಕ ನೋಡು

ವಾಡಿಯಲ್ಲಿ ಕರೆಂಟು ಹೋದ ರಾತ್ರಿ
ದಸ್ತಗೀರ್ ಕಾಕಾ ಮಾಳಿಗೆಗೆ ದುರ್ಬೀನು ಹೊತ್ತು ತಂದ:
ಪಿವಿಸಿ ಪೈಪು, ತಾನೇ ಎಂಟು ತಿಂಗಳು ತಿಕ್ಕಿದ ಕನ್ನಡಿ,
ಅಡಿಗೆ ಶಹಾಬಾದಿ ಪರಸಿಯ ತುಂಡು.

"ಕನ್ಯಾ ರಾಶಿಯೊಳಗ ಅದ," ಎಂದ. ನನಗೇನೂ ಕಾಣಲಿಲ್ಲ.
"ನೆಟ್ಟಗ ನೋಡಬ್ಯಾಡವ್ವಾ, ಬಾಜೂಕ ನೋಡು,
ಹೊಸ ಬೀಗತಿನ್ನ ನೋಡಿದಂಗ."

ಬಾಜೂಕ ನೋಡಿದೆ. ಬಂತು.
ಗಾಜಿನ ಮೇಲೆ ಉಸಿರು ಬಿಟ್ಟರೆ ಉಳಿಯುವಷ್ಟು ಮಬ್ಬು,
ತತ್ತಿಯ ಹಾಗೆ ತುಸು ಉದ್ದ, ನಡುವೆ ಗಟ್ಟಿ,
ಅಂಚು ಎಲ್ಲಿ ಮುಗಿಯಿತೋ ಹೇಳಲಾಗದು.
ಸುಳಿಯಿಲ್ಲ, ತೋಳಿಲ್ಲ.
"ಬರೇ ಮುದುಕ ಚಿಕ್ಕಿ," ಎಂದ ಕಾಕಾ,
"ಹೊಸಾವು ಹುಟ್ಟೋದು ನಿಂತು ಯುಗ ಆತು.
ಧೂಳೂ ಇಲ್ಲ ಅಲ್ಲಿ."

ಧೂಳಿಲ್ಲ! ನನಗೆ ನಗು ಬಂತು.
ಸಿಮೆಂಟು ಕಾರ್ಖಾನೆಯ ಲ್ಯಾಬಿನಲ್ಲಿ
ನನ್ನ ಕೆಲಸವೇ ಧೂಳು ತೂಗುವುದು.

ಎಲ್ಲೋ ಗುಡ್ಡದ ಮೇಲೆ ಖಗೋಳದವರು
ಇದನ್ನೂ ತೂಗುತ್ತಾರಂತೆ, ತಕ್ಕಡಿಯಿಲ್ಲದೆ,
ಚಿಕ್ಕಿಗಳು ಓಡಾಡುವ ವೇಗ ನೋಡಿ;
ಕಂಡದ್ದಕ್ಕಿಂತ ಕಾಣದ್ದೇ ಭಾರ ಬರುತ್ತದಂತೆ.

ಐದೂವರೆ ಕೋಟಿ ವರ್ಷ ನಡೆದ ಬೆಳಕು.
ಅದು ಹೊರಟಾಗಲೇ ಮುದಿಯಾಗಿತ್ತು
ನಾವು ದಿನಾ ಭಟ್ಟಿಗೆ ಹಾಕುವ ಸುಣ್ಣದ ಕಲ್ಲು.
ಇದನ್ನು ಕಾಕಾಗೆ ಹೇಳಬೇಕೆನ್ನುವಷ್ಟರಲ್ಲಿ
ಸೊಲ್ಲಾಪುರದ ಗಾಡಿ ಹಾದು ಮಾಳಿಗೆ ನಡುಗಿತು,
ಮಬ್ಬು ಜಾರಿ ಹೋಯಿತು.

ಬೆಳಗಿನ ಪಾಳಿ. ಇಕ್ಕಳದಿಂದ ಫಿಲ್ಟರ್ ಕಾಗದ ಎತ್ತಿದೆ:
ಬಿಳಿಯ ಮೇಲೆ ಬೂದು ಕಲೆ,
ನಡುವೆ ಗಟ್ಟಿ, ಅಂಚಿಗೆ ಇದ್ದೂ ಇಲ್ಲದಂತೆ.
ತಕ್ಕಡಿಯ ಅಂಕಿ ನಿಲ್ಲುವವರೆಗೆ
ಅದನ್ನು ನೆಟ್ಟಗೆ ನೋಡಲಿಲ್ಲ.