ಗಾಳಿ ಸೋಕಿದ ಕಾರು

ಬಾನೆಟ್ ಆಮೇಲೆ ಎತ್ತುತ್ತೇನೆ, ಮೊದಲು ಕೇಳುವುದು.
ಯಾವಾಗ ಹೀಗೆ, ಸೆನಿಯಾ?
ರಾತ್ರಿಯೆಲ್ಲ ನಿಂತ ಮೇಲೋ,
ಪೇಟೆಯಲ್ಲಿ ಅರೆಗಳಿಗೆ ನಿಲ್ಲಿಸಿದರೂನೋ?
ಹೊಗೆ ಯಾವ ಬಣ್ಣ?

"ನಸುಕಿನ ಪಾಳಿಗೆ ಹೊರಟಾಗ ಮಾತ್ರ, ಮುನೇವೆರಾ.
ಹೊಗೆ ಬಿಳಿ.
ನಮ್ಮ ವಾರ್ಡಿನ ಹಾಸು ಇರುತ್ತಲ್ಲ, ನೂರು ಸಲ ಒಗೆದದ್ದು,
ಆ ಬಿಳಿ."

ಬಿಳಿಯೆಂದರೆ ಡೀಸೆಲ್ಲು ಅಷ್ಟಿಷ್ಟು ಬರುತ್ತಿದೆ, ಉರಿಯುತ್ತಿಲ್ಲ.
ಬಾಯಿಗೆ ಬಂದ ಮಾತು ಅಲ್ಲೇ ಉಳಿದ ಹಾಗೆ.

ಗಾಲ್ಫ್, ತೊಂಬತ್ತಮೂರರದ್ದು.
ಟ್ರಾವ್ನಿಕ್ಕಿನ ಈ ಏರುಗಲ್ಲಿಯ ಕೊನೆಗೆ
ಗೋಡೆಗೆ ಮೂಗು ಒತ್ತಿ, ಹಿಂಭಾಗ ಇಳಿಬಿಟ್ಟು ನಿಲ್ಲುತ್ತದೆ.
ಹತ್ತದ ದಿನ ಹಿಂದಕ್ಕೆಳೆದು, ತಿರುಗಿಸಿ,
ಇಳಿಜಾರಿಗೆ ನೂಕಬೇಕು.
ನೂಕುವವರು ಇಬ್ಬರು: ಎಡಕ್ಕೆ ಸ್ತೀಪಾನ್, ಬಲಕ್ಕೆ ನೆಜೀರ್.
ಒಬ್ಬರಿಗೊಬ್ಬರು ಮಾತಿಲ್ಲ.
ಅದೂ ತೊಂಬತ್ತಮೂರರದ್ದೇ.
ಹೆಗಲು ತಾಗುತ್ತದೆ, ಉಸಿರಿನ ಹಬೆ ಬೆರೆಯುತ್ತದೆ,
ಇಂಜಿನ್ ಕೆಮ್ಮಿ ಜೀವ ಹಿಡಿದದ್ದೇ
ಇವನು ಇವನ ಬಾಗಿಲಿಗೆ, ಅವನು ಅವನ ಬಾಗಿಲಿಗೆ.

ಬ್ಯಾಟರಿ ಸರಿಯಿದೆ.
ಗ್ಲೋ ಪ್ಲಗ್ಗು ನಾಲ್ಕನ್ನೂ ಬಿಚ್ಚಿ ಕರೆಂಟು ಕೊಟ್ಟೆ,
ನಾಲ್ಕೂ ತುದಿ ಕೆಂಪಾದವು
ಬೈಸಿಕೊಂಡ ಹುಡುಗರ ಕಿವಿಯಂತೆ.
ಹೊಸ ಫಿಲ್ಟರು, ಚಳಿಗಾಲದ ಡೀಸೆಲ್ಲು.
ಮೈನಸ್ ಹನ್ನೊಂದು. ಸ್ಪ್ಯಾನರು ಬೆರಳಿಗೆ ಅಂಟುತ್ತಿತ್ತು.
ಅಪ್ಪ ಅನ್ನುತ್ತಿದ್ದ: ಕಾಣುವುದನ್ನೆಲ್ಲ ನೋಡಿಯಾದ ಮೇಲೆ
ಕಾಣದ್ದಕ್ಕೊಂದು ಕಿಟಕಿ ಮಾಡು.

ಒಳಗಿನದು ಕಾಣುವ ಕೊಳವೆ ಬೇಕಿತ್ತು, ಒಂದು ಗೇಣು.
ಸೆನಿಯಾ ಚೀಲದಿಂದ ತೆಗೆದಳು:
ಆಸ್ಪತ್ರೆಯದು, ಕಫ ಎಳೆಯುವ ದಪ್ಪ ನಳಿಗೆ.
ಫಿಲ್ಟರಿಗೂ ಪಂಪಿಗೂ ನಡುವೆ ಸಿಕ್ಕಿಸಿ
ನಾನು ಕೀಲಿ ತಿರುಗಿಸಿದೆ, ಅವಳು ಬಗ್ಗಿ ನೋಡಿದಳು.

"ಗುಳ್ಳೆ," ಅಂದಳು.
ಇಪ್ಪತ್ತು ವರ್ಷ ಸಲೈನು ಕಾದವಳ ದನಿ.
ಕೈ ತಾನಾಗಿ ನಳಿಗೆ ಹಿಚುಕಲು ಹೋಗಿತ್ತು.
ಒಂದು, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಮಣಿಸರ.

ಗಾಳಿ ಸೋಕಿದೆ, ಅಂದೆ. ತಾಯಿತ ಬೇಡ.
ರಾತ್ರಿಯಿಡೀ ಡೀಸೆಲ್ಲು ಹನಿಹನಿಯಾಗಿ
ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುತ್ತದೆ,
ಬಿಟ್ಟ ಜಾಗದಲ್ಲಿ ಗಾಳಿ ಬಂದು ಕೂರುತ್ತದೆ.
ಬೆಳಿಗ್ಗೆ ಪಂಪು ಎಳೆದೂ ಎಳೆದೂ ಬರಿಗುಟುಕು ನುಂಗುತ್ತದೆ.

ಫಿಲ್ಟರಿನ ತಲೆಯಲ್ಲೊಂದು ರಬ್ಬರು ಉಂಗುರ,
ಕಿರುಬೆರಳಿಗೂ ಸಾಲದ್ದು, ಒಣಗಿ ಸೀಳಿತ್ತು.
ಎಲೆ ಉದುರುವ ಕಾಲಕ್ಕೆ ಫಿಲ್ಟರು ಬದಲಿಸಿದವರು
ಹಳೆಯ ಉಂಗುರವನ್ನೇ ಒರೆಸಿ ಹಾಕಿದ್ದರು.
ಬದಲಿಸಿದ್ದು ಸ್ತೀಪಾನ್,
ದುಡ್ಡು ಮುಟ್ಟದೆ, ಒಂದು ಭಾನುವಾರ ಇಡೀ ಕೂತು.
ಅದನ್ನು ಸೆನಿಯಾಗೆ ಹೇಳಲಿಲ್ಲ. ಉಂಗುರ ಜೇಬಿಗೆ ಹೋಯಿತು.
ಹೊಸದಕ್ಕೆ ಅರ್ಧ ಮಾರ್ಕು.

ಮರುದಿನ ಐದೂಕಾಲಿಗೆ ನಾನೂ ಹೋಗಿ ನಿಂತೆ.
ಬಾಗಿಲುಗಳು ತೆರೆದವು. ಎಡಕ್ಕೊಬ್ಬ, ಬಲಕ್ಕೊಬ್ಬ,
ಕೈಗವಸು ತೊಟ್ಟು ಡಿಕ್ಕಿಯ ಹತ್ತಿರ.
ಸೆನಿಯಾ ಕೀಲಿ ತಿರುಗಿಸಿದಳು.
ಗಾಲ್ಫ್ ಒಂದೇ ಕರೆಗೆ ಓಗೊಟ್ಟಿತು,
ತಾನೇ ಹಿಂದೆ ಸರಿದು, ತಾನೇ ತಿರುಗಿ,
ಕೆಂಪು ದೀಪ ಎರಡೂ ಗಲ್ಲಿ ಇಳಿದುಹೋದವು.

ಇಬ್ಬರೂ ನಿಂತೇ ಇದ್ದರು,
ಚಾಚಿದ ಕೈ ಎಲ್ಲಿಡುವುದೆಂದು ತಿಳಿಯದೆ.

"ನಾನು ಮೊದಲೇ ಹೇಳಿದ್ದೆ," ಅಂದ ನೆಜೀರ್,
ನನ್ನ ಕಡೆ ನೋಡುತ್ತ, ಆದರೆ ನನಗಲ್ಲ,
"ಪ್ಲಗ್ಗು ಅಂತ."

ತುಂಬ ಹೊತ್ತು ಏನೂ ಇಲ್ಲ. ಹಿಮ ಸೂರಿನಿಂದ ಜಾರಿತು.

"ಪ್ಲಗ್ಗಂತೆ ಪ್ಲಗ್ಗು," ಅಂದ ಸ್ತೀಪಾನ್. "ಪಂಪು."

ಜೇಬಿನಲ್ಲಿ ಉಂಗುರ ತಿರುಗಿಸುತ್ತಿದ್ದೆ.
ಬಾಯಿ ಬಿಡಲಿಲ್ಲ.