ಒಂಬತ್ತು ಇಂಚಿಗೆ ತುಸು ಕಡಿಮೆ

ಚಳಿಗಾಲದ ಕೊನೆಗೆ ಇಂಡಿಯಾನಾಪೊಲಿಸಿನಲ್ಲಿ
ಕೆಲ್ಲನ್ ಬ್ರಷೀರನ ಕೈ ಅಳೆದರು.
ಮೇಜಿನ ಮೇಲೆ ಅಂಗೈ ಮಗುಚಿ, ಬೆರಳು ಬಿಡಿಸಿ
ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ.
ಒಂದು ಗೇಣು, ಅಷ್ಟೇ.
ಒಂಬತ್ತು ಇಂಚಿಗೆ ಎಂಟರಲ್ಲೊಂದು ಪಾಲು ಕಡಿಮೆ.
ಬರೆದುಕೊಂಡವನು ತಲೆ ಎತ್ತಲಿಲ್ಲವಂತೆ,
"ಮುಂದಿನವರು" ಅಂದನಂತೆ.

ಜನವರಿಯೆಲ್ಲ ಬಿಸಿನೀರಲ್ಲಿ ಕೈ ನೆನೆಸಿ
ಬೆರಳ ಸಂದಿನ ಚರ್ಮ ಎಳೆಸಿಕೊಂಡಿದ್ದ,
ಗಂಟೆಗೆ ತೊಂಬತ್ತು ಡಾಲರು ಕೊಟ್ಟು.
ಹಿಗ್ಗಿದ್ದು ಕೂದಲೆಳೆಯಷ್ಟು.

ನಾನು ಸೆಂಟರ್.
ಬಗ್ಗಿ ನಿಂತು ಕಾಲ ನಡುವಿಂದ
ಚೆಂಡನ್ನು ಹಿಂದಕ್ಕೆ ಕೊಡುವವನು.
ಆಟ ಶುರುವಾಗುವುದು ನನ್ನಿಂದ,
ಮಾತು ಯಾರೂ ನನ್ನಿಂದ ಶುರುಮಾಡುವುದಿಲ್ಲ.
ಮೂರು ವರ್ಷ ಬೆನ್ನು ತೋರಿಸಿಯೇ ಅವನನ್ನು ಕಾದೆ.
ಆ ಕೈ ನನಗೆ ಗೊತ್ತು.
ನವೆಂಬರಿನ ಆಲಿಕಲ್ಲಿನಲ್ಲಿ
ನನ್ನ ತೊಡೆಗೆ ತಾಗಿ ನಡುಗುತ್ತಿದ್ದದ್ದು,
ಚೆಂಡು ಮುಟ್ಟಿದ್ದೇ ತಡ ನಡುಕ ನಿಲ್ಲುತ್ತಿದ್ದದ್ದು.
ಇದನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೂ ಎಷ್ಟು ಇಂಚು ಅಂತ ಹೇಳಲಿ?

ಅವನ ಎಸೆತ ಮಾತ್ರ ನಾನು ಕಂಡವನಲ್ಲ.
ಅಷ್ಟು ಹೊತ್ತಿಗೆ ಮುನ್ನೂರು ಪೌಂಡಿನವನೊಬ್ಬ
ನನ್ನ ಗಂಟಲಿಗೆ ಮೊಣಕೈ ಒತ್ತಿರುತ್ತಿದ್ದ,
ಬಾಯಲ್ಲಿ ಹುಲ್ಲು.
ಜನ ಎದ್ದು ಕೂಗಿದರೆ ತಲುಪಿತು,
ಉಸಿರು ಬಿಟ್ಟರೆ ಇಲ್ಲ.
ಮರುದಿನ ಪರದೆಯ ಮೇಲೆ ತೋರಿಸುತ್ತಿದ್ದರು, ನಿಜ.
ಅಲ್ಲಿ ಎಲ್ಲರೂ ಇರುವೆ.

ಏಪ್ರಿಲ್ ಕೊನೆ. ಮೂರು ದಿನ, ಏಳು ಸುತ್ತು.
ಓಹಾಯೋ ನದಿಯ ದಡದ ಆ ಪುಟ್ಟ ಮನೆಯಲ್ಲಿ
ಮೊದಲ ರಾತ್ರಿ ಅವನು ಸೂಟು ತೊಟ್ಟಿದ್ದ,
ಎರಡನೆಯ ದಿನ ಅಂಗಿ,
ಮೂರನೆಯ ದಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು.
ಮಾವ ಎಲ್‌ವುಡ್ ಐದು ತಂಡಗಳ ಟೋಪಿ ತಂದಿಟ್ಟು
ರಸೀದಿ ಜೋಪಾನ ಮಾಡಿದ್ದ.
ಟೀವಿಯಲ್ಲಿ ಕುದುರೆ ಕೊಳ್ಳುವವರು ಹಲ್ಲು ಎಣಿಸಿದ ಹಾಗೆ
ತೋಳು ಸರಿ, ಕಣ್ಣು ಸರಿ, ಕಾಲು ಪರವಾಗಿಲ್ಲ,
ಕೈ—
ಅಲ್ಲಿಗೆ ಜಾಹೀರಾತು.

ನೋಡಿ ನೋಡಿ ಸಾಕಾಗಿ ಅವನ ತಾಯಿ ವರ್ನೆಟ್
ಫೋನನ್ನು ಬ್ರೆಡ್ಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು.
ಆರನೆಯ ಸುತ್ತಿನಲ್ಲಿ ಡಬ್ಬಿ ಗುಂಯ್‌ಗುಟ್ಟಿತು.
ಎಲ್ಲರೂ ಎದ್ದು ನಿಂತೆವು, ಮೊಟ್ಟೆ ಬಾಯಲ್ಲಿಟ್ಟ ಚಿಕ್ಕಮ್ಮ ಕೂಡ.
ದಂತವೈದ್ಯರ ಯಂತ್ರದ ದನಿ:
ಸೋಮವಾರ ಹತ್ತೂವರೆಗೆ ಬರುವುದಾದರೆ ಒಂದು ಒತ್ತಿ.
ಅವನು ಒಂದು ಒತ್ತಿದ.

ಏಳನೆಯದರಲ್ಲಿ ಕರೆದದ್ದು ಬೇರೊಬ್ಬ ಕ್ವಾರ್ಟರ್‌ಬ್ಯಾಕನ್ನು.
ಹತ್ತಿಂಚಿನ ಗೇಣು.
ಅಕ್ಟೋಬರಿನಲ್ಲಿ ನಾವು ಅವನನ್ನು ಸೋಲಿಸಿದ್ದೆವು,
ಅದನ್ನು ನೆನಪಿಸಿದವನು ನಾನೊಬ್ಬನೇ.
ನೆನಪಿಸಬಾರದಿತ್ತು.

ವರ್ನೆಟ್ ಮೇಜಿನ ಮೇಲಿದ್ದ ಮಗನ ಕೈಮೇಲೆ
ತನ್ನ ಕೈಯಿಟ್ಟಳು,
ವೃದ್ಧಾಶ್ರಮದ ಹಾಸಿಗೆವಸ್ತ್ರ ಒಗೆದು ಸುಕ್ಕಿದ್ದು.
ಬೆರಳಿಗೆ ಬೆರಳು ಸರಿಹೊಂದಿತು, ತುದಿಯವರೆಗೂ.
"ನನ್ನದೇ ಕೈ" ಅಂದಳು.
ಕ್ಷಮೆ ಕೇಳಿದ ಹಾಗಿತ್ತು. ಗದರಿದ ಹಾಗೂ.

ಕತ್ತಲಾಗುವ ಮುಂಚೆ ಹಿತ್ತಲಿಗೆ ಹೋದೆವು.
ಅಭ್ಯಾಸಬಲ, ನಾನು ಬಗ್ಗಿ ನಿಂತೆ.
"ಅಲ್ಲ ಕಣೋ, ಓಡು" ಅಂದ.
ಓಡಿದೆ, ಈ ಮೈ ಹೊತ್ತು,
ಬಟ್ಟೆ ಒಣಹಾಕುವ ಕಂಬದಾಚೆ, ಬೇಲಿಯವರೆಗೆ.
ತಿರುಗಿದೆ.

ಅದು ಬರುತ್ತಿತ್ತು.
ಬುಗುರಿಯಂತೆ ತನ್ನ ಸುತ್ತಲೇ ತಿರುಗುತ್ತ,
ಅವಸರವೇ ಇಲ್ಲದೆ,
ನಾನು ಎಲ್ಲಿರುತ್ತೇನೆಂದು ನನಗಿಂತ ಮೊದಲೇ ತಿಳಿದಂತೆ.
ಎದೆಗೆ ಬಡಿದು ಹುಲ್ಲಿಗೆ ಬಿತ್ತು.
ಕೂಗಲು ಜನವಿರಲಿಲ್ಲ.

ಒಳಗೆ ಡಬ್ಬಿ ಮತ್ತೆ ಗುಂಯ್‌ಗುಡುತ್ತಿತ್ತೋ ಏನೋ,
ಚಿಕ್ಕಮ್ಮನ ನೆರಳು ಕಿಟಕಿಯಲ್ಲಿ ಎದ್ದಿತು.
ಅವನು ಅತ್ತ ನೋಡಲಿಲ್ಲ.
"ಇನ್ನೊಂದು" ಅಂದ,
"ಈ ಸಲ ಕೈ ಚಾಚು."